ರಾಜನನ್ನು ಕೆಟ್ಟವನೆಂದು ಮೊದಲು ಬರೆದವರು ಯಾರು?

2025ರ ಮಾರ್ಚ್ ತಿಂಗಳ ಮೊದಲ ದಿನಗಳು. ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಅಸೀರ್‌ಗಢ ಕೋಟೆಯ ಹತ್ತಿರದ ಹೊಲಗಳಲ್ಲಿ ಕತ್ತಲಾಗುತ್ತಿದ್ದಂತೆ ಟಾರ್ಚ್ ಬೆಳಕು ಓಡಾಡತೊಡಗಿತು. ಜನ ಗುದ್ದಲಿ ಹಿಡಿದು ಗುಂಪು ಗುಂಪಾಗಿ ಬಂದರು. ಕೆಲವರ ಕೈಯಲ್ಲಿ ಲೋಹ ಪತ್ತೆ ಮಾಡುವ ಯಂತ್ರವೂ ಇತ್ತು. ಮೊಗಲರ ಕಾಲದ ಚಿನ್ನದ ನಾಣ್ಯಗಳು ಆ ಮಣ್ಣಿನಲ್ಲಿ ಹೂತಿವೆ ಎಂಬ ಸುದ್ದಿ ಹಬ್ಬಿತ್ತು. ಬೆಳಗಾದಾಗ ಹೊಲದ ತುಂಬ ಗುಂಡಿಗಳು.

ಸುದ್ದಿಗೆ ಬಲ ಬಂದದ್ದು ಒಂದು ಸಿನಿಮಾದಿಂದ. ಆ ವರ್ಷದ ಫೆಬ್ರವರಿ 14ರಂದು ತೆರೆಕಂಡ ಹಿಂದಿ ಚಿತ್ರ ‘ಛಾವಾ’, ಶಿವಾಜಿಯ ಮಗ ಸಂಭಾಜಿಯ ಕಥೆ. ಮರಾಠಾ ಸೈನ್ಯ ಬುರ್ಹಾನ್‌ಪುರದ ಮೇಲೆ ದಾಳಿ ಮಾಡಿ ಮೊಗಲರ ಐಶ್ವರ್ಯವನ್ನು ಸೂರೆ ಮಾಡುವ ದೃಶ್ಯ ಅದರಲ್ಲಿದೆ. ಆ ಚಿತ್ರಕ್ಕೆ ಆಧಾರ 1979ರಲ್ಲಿ ಬಂದ, ಶಿವಾಜಿ ಸಾವಂತರ ಅದೇ ಹೆಸರಿನ ಮರಾಠಿ ಕಾದಂಬರಿ. ಅಂದರೆ 17ನೆಯ ಶತಮಾನದಲ್ಲಿ ನಡೆದ ಒಂದು ದಾಳಿ 20ನೆಯ ಶತಮಾನದಲ್ಲಿ ಕಾದಂಬರಿಯಾಯಿತು, 21ನೆಯ ಶತಮಾನದಲ್ಲಿ ಸಿನಿಮಾ ಆಯಿತು, ಕೊನೆಗೆ ಯಾರದೋ ಹೊಲದಲ್ಲಿ ಗುಂಡಿಯಾಯಿತು.

ಕಾದಂಬರಿ ಓದುವವರಿಗೆ ಇದು ನಗುವ ಸುದ್ದಿಯಲ್ಲ. ಐತಿಹಾಸಿಕ ಕಾದಂಬರಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ನಮ್ಮ ಓದುಗರ ಬಳಗಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಮಾಸ್ತಿ, ತರಾಸು, ಭೈರಪ್ಪ ಯಾರ ಪುಸ್ತಕ ತೆಗೆದರೂ ಅರ್ಧ ಗಂಟೆಯಲ್ಲಿ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಒಬ್ಬರು ‘ಇದು ಸುಳ್ಳು’ ಎನ್ನುತ್ತಾರೆ, ಇನ್ನೊಬ್ಬರು ‘ಇದು ಕಾದಂಬರಿಯಲ್ಲವೇ’ ಎನ್ನುತ್ತಾರೆ, ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಮುಗಿಯಬಾರದು ಎಂಬುದು ಈ ಬರಹದ ವಾದ. ಅದಕ್ಕೆ ಮುಖ್ಯ ಉದಾಹರಣೆಯಾಗಿ ಕನ್ನಡದ್ದೇ ಒಂದು ಕಾದಂಬರಿಯನ್ನು, ಕೊಡಗಿನ ಕೊನೆಯ ರಾಜನನ್ನು ಕುರಿತ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು, ಹತ್ತಿರದಿಂದ ನೋಡೋಣ.

ಗೊಂದಲ ಹುಟ್ಟುವ ಜಾಗ

‘ಛಾವಾ’ ಬಿಡುಗಡೆಯಾದ ಮೇಲೆ ಎರಡು ಘಟನೆಗಳು ನಡೆದವು. ಸಂಭಾಜಿಯನ್ನು ಮೊಗಲರಿಗೆ ಹಿಡಿದುಕೊಟ್ಟವರೆಂದು ಚಿತ್ರದಲ್ಲಿ ತೋರಿಸಿದ ಗಣೋಜಿ ಮತ್ತು ಕಾನ್ಹೋಜಿ ಶಿರ್ಕೆಯರ ವಂಶಸ್ಥರು ತಮ್ಮ ಮನೆತನಕ್ಕೆ ಮಸಿ ಬಳಿಯಲಾಗಿದೆ ಎಂದು ಪ್ರತಿಭಟಿಸಿದರು. ನಿರ್ದೇಶಕರು ಕ್ಷಮೆ ಕೇಳಿದರು. ಚಿತ್ರ ಕಾದಂಬರಿಯನ್ನು ಆಧರಿಸಿದ್ದು ಎಂಬ ಸಮಜಾಯಿಷಿಯನ್ನೂ ಕೊಟ್ಟರು. ಮಾರ್ಚ್ 17ರಂದು ಔರಂಗಜೇಬನ ಸಮಾಧಿಯ ವಿಷಯವಾಗಿ ನಾಗಪುರದಲ್ಲಿ ಗಲಭೆಯಾಯಿತು. ಔರಂಗಜೇಬನ ಮೇಲಿನ ಜನರ ಸಿಟ್ಟು ಈ ಚಿತ್ರದಿಂದ ಮತ್ತೆ ಹೊತ್ತಿಕೊಂಡಿದೆ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿಯೇ ಸದನದಲ್ಲಿ ಹೇಳಿದರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾರಾದರೂ ಆಕ್ಷೇಪಿಸಿದಾಗ ಕೃತಿ ಕಾದಂಬರಿಯಾಗುತ್ತದೆ, ಜನ ಕಣ್ಣೀರು ಹಾಕುವಾಗ ಅದೇ ಕೃತಿ ಇತಿಹಾಸವಾಗುತ್ತದೆ. ಓದುಗನಿಗೆ ಗೊಂದಲ ಹುಟ್ಟುವುದು ಈ ಜಾಗದಲ್ಲಿ. ಲೇಖಕನಿಗೆ ಕಲ್ಪನೆಯ ಸ್ವಾತಂತ್ರ್ಯವೂ ಬೇಕು, ಸತ್ಯ ಹೇಳಿದ ಗೌರವವೂ ಬೇಕು. ಓದುಗನೂ ಹಾಗೆಯೇ: ತನಗೆ ಇಷ್ಟವಾದ ಭಾಗವನ್ನು ಇತಿಹಾಸವೆಂದೂ ಇಷ್ಟವಾಗದ ಭಾಗವನ್ನು ಕಟ್ಟುಕತೆಯೆಂದೂ ವಿಂಗಡಿಸಿಕೊಳ್ಳುತ್ತಾನೆ.

ಬಖರಿನಿಂದ ಕಾದಂಬರಿಗೆ

ಸಂಭಾಜಿಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬಹುಕಾಲ ಮರಾಠಿಯಲ್ಲೇ ಅವನಿಗೆ ಒಳ್ಳೆಯ ಹೆಸರಿರಲಿಲ್ಲ. ಕುಡುಕ, ಸ್ತ್ರೀಲೋಲ, ತಂದೆ ಕಟ್ಟಿದ್ದನ್ನು ಕೆಡಿಸಿದವನು ಎಂಬ ಚಿತ್ರ ರೂಢಿಯಲ್ಲಿತ್ತು. ಆ ಚಿತ್ರವನ್ನು ಗಟ್ಟಿ ಮಾಡಿದ ಆಕರಗಳಲ್ಲಿ ಮುಖ್ಯವಾದದ್ದು 19ನೆಯ ಶತಮಾನದ ಆರಂಭದಲ್ಲಿ ಮಲ್ಹಾರ ರಾಮರಾವ್ ಚಿಟ್ನೀಸ ಬರೆದ ಬಖರು. ಬಖರು ಎಂದರೆ ಮರಾಠಿಯ ಹಳೆಯ ವೃತ್ತಾಂತ ಗ್ರಂಥ. ಈ ಚಿಟ್ನೀಸ ಬಾಳಾಜಿ ಆವ್ಜಿಯ ವಂಶದವನು. ಬಾಳಾಜಿ ಆವ್ಜಿ ಶಿವಾಜಿಯ ಆಪ್ತ ಕಾರಕೂನ. ಒಳಸಂಚಿನ ಆರೋಪದ ಮೇಲೆ ಅವನನ್ನು 1681ರಲ್ಲಿ ಕೊಲ್ಲಿಸಿದವನು ಇದೇ ಸಂಭಾಜಿ. ಕೊಂದವನ ಚರಿತ್ರೆಯನ್ನು ಸತ್ತವನ ಮನೆಯವರು ಬರೆದರೆ ಅದು ಹೇಗಿರಬಹುದೋ ಹಾಗೆಯೇ ಆ ಬಖರು ಇದೆ.

20ನೆಯ ಶತಮಾನದಲ್ಲಿ ವಾ. ಸೀ. ಬೇಂದ್ರೆ, ಕಮಲ ಗೋಖಲೆ ಅವರಂತಹ ಸಂಶೋಧಕರು ಬೇರೆ ದಾಖಲೆಗಳನ್ನು ಹುಡುಕಿ ಈ ಚಿತ್ರವನ್ನು ತಿದ್ದಿದರು. ಕಾದಂಬರಿಕಾರರ ಸಂಭಾಜಿ ಹೊಸ ರೂಪ ತಳೆದದ್ದು ಆ ತಿದ್ದುಪಡಿಯ ಬೆನ್ನಿಗೆ. ಖಳನಾಗಿದ್ದ ರಾಜ ವೀರನಾಗಲು ಮೊದಲು ಆಕರ ಬದಲಾಗಬೇಕಾಯಿತು, ಕಲ್ಪನೆ ಆಮೇಲೆ ಬಂತು. ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡು ಮಡಿಕೇರಿಗೆ ಬರೋಣ.

(ಕನ್ನಡ ನಾಡಿಗೂ ಈ ಕಥೆಗೂ ಸಂಬಂಧವಿಲ್ಲದೆ ಇಲ್ಲ. ಸಂಭಾಜಿಯ ಕೊಲೆಯಾದ ಮೇಲೆ ಅವನ ತಮ್ಮ ರಾಜಾರಾಮ ಜಿಂಜಿಯ ಕಡೆಗೆ ತಪ್ಪಿಸಿಕೊಂಡು ಹೋಗುವಾಗ ಅವನಿಗೆ ಆಶ್ರಯ ಕೊಟ್ಟು ಮೊಗಲ್ ಸೈನ್ಯವನ್ನು ಎದುರಿಸಿದವಳು ಕೆಳದಿಯ ಚೆನ್ನಮ್ಮ.)

ಕೊಡಗಿನ ಕಡೆಯ ದೊರೆ

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ ಪ್ರಕಟವಾದದ್ದು 1956ರಲ್ಲಿ. 1983ರ ಜ್ಞಾನಪೀಠ ಪ್ರಶಸ್ತಿಯೊಂದಿಗೆ ಈ ಕಾದಂಬರಿಯ ಹೆಸರು ನಿಂತಿದೆ. ಕಥೆ ಕೊಡಗಿನ ಹಾಲೇರಿ ವಂಶದ ಕೊನೆಯ ರಾಜನದು.

ಕಾದಂಬರಿಯ ಹೊರಗಿನ ಸಂಗತಿಗಳು ಹೀಗಿವೆ. ತಂದೆ ಲಿಂಗರಾಜನ ನಂತರ ಚಿಕವೀರ ರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದ. ಆಗಿನ್ನೂ ಎಳೆಯ ಹರೆಯ. ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚನ್ನಬಸವನ ಜೊತೆ ಅವನಿಗೆ ವೈರ ಬೆಳೆಯಿತು. 1832ರಲ್ಲಿ ಅವರಿಬ್ಬರೂ ತಪ್ಪಿಸಿಕೊಂಡು ಮೈಸೂರಿಗೆ ಹೋಗಿ ಇಂಗ್ಲಿಷರ ಆಶ್ರಯ ಪಡೆದರು. ಅವರನ್ನು ಮರಳಿಸಿ ಎಂದು ರಾಜ ಕೇಳಿದ, ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಮಾತುಕತೆಗೆ ಬಂದ ಕಂಪನಿಯ ದೂತನನ್ನು ರಾಜ ತಡೆದಿಟ್ಟುಕೊಂಡ. 1834ರ ಏಪ್ರಿಲ್‌ನಲ್ಲಿ ಸೈನ್ಯ ಹಲವು ದಿಕ್ಕುಗಳಿಂದ ನುಗ್ಗಿತು. ಉತ್ತರದ ಕಡೆಯಿಂದ ಬಂದ ತುಕಡಿಗೆ ಕೊಡಗಿನವರು ಜೋರಾದ ಪೆಟ್ಟನ್ನೇ ಕೊಟ್ಟರು. ಆದರೆ ದಿವಾನ ಬೋಪಣ್ಣ ಮುಂದಾಗಿ ಹೋಗಿ ಕಂಪನಿಯ ಸೈನ್ಯವನ್ನು ಮಡಿಕೇರಿಗೆ ಕರೆತಂದ. ನಾಲ್ಕುನಾಡು ಅರಮನೆಯಲ್ಲಿ ಅವಿತಿದ್ದ ರಾಜ ಶರಣಾದ. ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯೊಂದಿಗೆ ಕೊಡಗು ಕಂಪನಿಯ ಪಾಲಾಯಿತು. ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಎಂಬ ಹೆಸರು ಬಿದ್ದದ್ದು ಆ ಕರ್ನಲ್‌ನಿಂದ.

ಮಾಸ್ತಿಯವರ ಕಾದಂಬರಿ ಈ ಚೌಕಟ್ಟನ್ನು ಮುರಿಯುವುದಿಲ್ಲ. ಒಳಗೆ ಜೀವ ತುಂಬುತ್ತದೆ. ಲಂಪಟನೂ ಕ್ರೂರಿಯೂ ಆದ ರಾಜ, ಅವನ ಬಲಗೈಯಾದ ಕುಂಟ ಬಸವ, ಗಂಡನ ತಪ್ಪುಗಳ ನಡುವೆಯೂ ಘನತೆ ಬಿಡದ ರಾಣಿ ಗೌರಮ್ಮ, ರಾಜ್ಯ ಉಳಿಸಲು ಹೆಣಗುವ ಮಂತ್ರಿಗಳು. ಕೊನೆಗೆ ಒಳ್ಳೆಯವರೇ ಸೇರಿ ಕೆಟ್ಟ ರಾಜನನ್ನು ಇಳಿಸಲು ಪರಕೀಯನನ್ನು ಕರೆಯಬೇಕಾಗುತ್ತದೆ. ಈ ಕಾದಂಬರಿಯ ದುಃಖವೆಲ್ಲ ಆ ಒಂದು ನಿರ್ಧಾರದಲ್ಲಿದೆ.

ಓದುಗರು ಒಡೆಯುವುದೆಲ್ಲಿ

ಈ ಪುಸ್ತಕವನ್ನು ಕೈಗೆತ್ತಿಕೊಂಡ ಬಳಗದಲ್ಲಿ ಮಾತು ಸಾಮಾನ್ಯವಾಗಿ ನಾಲ್ಕು ದಾರಿ ಹಿಡಿಯುತ್ತದೆ. ಕಲೆಯ ಮೇಲೆ ಕಣ್ಣಿಟ್ಟವರು ಮಾಸ್ತಿಯವರ ತಣ್ಣನೆಯ ನಿರೂಪಣೆಯನ್ನು ಮೆಚ್ಚುತ್ತಾರೆ: ಭಯಂಕರ ಸಂಗತಿಯನ್ನೂ ದನಿ ಏರಿಸದೆ ಹೇಳುವ, ಮನುಷ್ಯರು ಕೂತು ಮಾತಾಡುವ ರೀತಿಯಲ್ಲೇ ಒಂದು ರಾಜ್ಯದ ಅಳಿವನ್ನು ಹೇಳಿ ಮುಗಿಸುವ ಕೌಶಲ. ಅವರಿಗೆ ರಾಜ ನಿಜಕ್ಕೂ ಹಾಗಿದ್ದನೇ ಎಂಬುದು ದೊಡ್ಡ ಪ್ರಶ್ನೆಯಲ್ಲ.

ಇತಿಹಾಸ ಓದಿದವರು ಅದನ್ನೇ ದೊಡ್ಡ ಪ್ರಶ್ನೆ ಮಾಡುತ್ತಾರೆ. ದೇಶೀಯ ರಾಜ ದುಷ್ಟ, ಜನ ಬೇಸತ್ತಿದ್ದರು, ಇಂಗ್ಲಿಷರು ಬಂದು ಬಿಡಿಸಿದರು ಎಂಬ ಕಥೆಯನ್ನು ಕಂಪನಿಯೇ ಎಲ್ಲೆಡೆ ಹೇಳುತ್ತಿತ್ತಲ್ಲ, ಮಾಸ್ತಿಯವರು ಅದನ್ನೇ ಕನ್ನಡದಲ್ಲಿ ಹೇಳಿದಂತಾಗಲಿಲ್ಲವೇ ಎಂಬುದು ಅವರ ಅನುಮಾನ.

ಮೂರನೆಯ ಗುಂಪಿನವರ ಅಸಮಾಧಾನ ಸಮುದಾಯದ ನೆನಪಿನಿಂದ ಬರುವಂಥದ್ದು. ರಾಜ ಲಿಂಗಾಯತ, ಅವನನ್ನು ಇಳಿಸಲು ಮುಂದಾದ ಬೋಪಣ್ಣ ಕೊಡವ. ಒಂದು ಮನೆಯಲ್ಲಿ ಬೋಪಣ್ಣ ನಾಡನ್ನು ಉಳಿಸಿದವನು, ಇನ್ನೊಂದು ಮನೆಯಲ್ಲಿ ಧಣಿಗೆ ಎರಡು ಬಗೆದವನು. ಓದುಗ ಯಾವ ಮನೆಯಲ್ಲಿ ಬೆಳೆದನೋ ಆ ಮನೆಯ ಬೋಪಣ್ಣನನ್ನೇ ಪುಸ್ತಕದಲ್ಲಿ ಹುಡುಕುತ್ತಾನೆ. ನಾಲ್ಕನೆಯವರು ಹೊಸ ಓದುಗರು. ಅವರು ಗೌರಮ್ಮನ ಬಗ್ಗೆ, ದೇವಮ್ಮಾಜಿಯ ಬಗ್ಗೆ ಕೇಳುತ್ತಾರೆ: ಇಷ್ಟೆಲ್ಲ ಅನುಭವಿಸಿದ ಹೆಂಗಸರಿಗೆ ಸಹನೆಯೊಂದೇ ಗುಣವೇ?

ಈ ನಾಲ್ವರೂ ಒಂದೇ ಪ್ರಶ್ನೆಗೆ ನಾಲ್ಕು ಉತ್ತರ ಕೊಡುತ್ತಿದ್ದಾರೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ನಾಲ್ವರೂ ನಾಲ್ಕು ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದಾರೆ. ಹಾಗಾಗಿ ಎಷ್ಟು ಹೊತ್ತು ವಾದಿಸಿದರೂ ಯಾರೂ ಸೋಲುವುದಿಲ್ಲ, ಯಾರೂ ಗೆಲ್ಲುವುದಿಲ್ಲ. ನಾಲ್ವರನ್ನೂ ಒಂದೇ ಮೇಜಿಗೆ ತರಬಲ್ಲ ಪ್ರಶ್ನೆಯೊಂದಿದೆ ಎಂದು ನನಗೆ ಅನ್ನಿಸುತ್ತದೆ: ಈ ರಾಜನ ವಿಷಯ ಮಾಸ್ತಿಯವರ ತನಕ ಯಾರ ಕೈಯಿಂದ ಬಂತು?

ರಾಜನ ಕತೆ ಯಾರ ಕೈಯಲ್ಲಿತ್ತು

ಹಾಲೇರಿ ಅರಸರಿಗೆ ತಮ್ಮದೇ ಚರಿತ್ರೆ ಇತ್ತು. ಚಿಕವೀರ ರಾಜೇಂದ್ರನ ದೊಡ್ಡಪ್ಪ ದೊಡ್ಡ ವೀರರಾಜೇಂದ್ರ ಕನ್ನಡದಲ್ಲಿ ಬರೆಸಿದ ‘ರಾಜೇಂದ್ರನಾಮೆ’ ಅದು. ಹೈದರ್, ಟಿಪ್ಪು ವಿರುದ್ಧ ಕಾದಾಡಿ ರಾಜ್ಯ ಮರಳಿ ಪಡೆದ ದೊರೆ ತನ್ನ ವಂಶದ ಕೀರ್ತಿಯನ್ನು ಅದರಲ್ಲಿ ದಾಖಲಿಸಿದ. ಆದರೆ ಆ ಗ್ರಂಥ 1807ರ ಹೊತ್ತಿಗೆ ನಿಲ್ಲುತ್ತದೆ. ಚಿಕವೀರ ಪಟ್ಟಕ್ಕೆ ಬಂದದ್ದು ಅದಾಗಿ 13 ವರ್ಷಗಳ ನಂತರ. ಅಂದರೆ ಕೊನೆಯ ರಾಜನ ಪರವಾಗಿ ಮಾತಾಡುವ ಆಸ್ಥಾನದ ಚರಿತ್ರೆಯನ್ನು ಅಲ್ಲಿ ಹುಡುಕುವಂತಿಲ್ಲ.

ಆ ಖಾಲಿ ಜಾಗವನ್ನು ತುಂಬಿದವರು ಗೆದ್ದವರು. ಕಂಪನಿಯ ಅಧಿಕಾರಿಗಳ ಪತ್ರಗಳು, ಘೋಷಣೆಗಳು, ನಂತರದ ಗೆಝೆಟಿಯರುಗಳು. ಇವುಗಳ ನಡುವೆ ಬಹಳ ಪ್ರಭಾವ ಬೀರಿದ ಪುಸ್ತಕ 1855ರಲ್ಲಿ ಬಂದ ‘ಕೂರ್ಗ್ ಮೆಮಾಯರ್ಸ್’. ಬರೆದವನು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. ಕನ್ನಡದ ಓದುಗರಿಗೆ ಈ ಹೆಸರು ಹೊಸದಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವನು, ನಮ್ಮ ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದವನು ಅವನೇ. ಕನ್ನಡವನ್ನು ಪ್ರೀತಿಸಿದವನ ಮಾತೆಂದು ಅದನ್ನು ಪ್ರಶ್ನಿಸದೆ ಒಪ್ಪಬೇಕಾಗಿಲ್ಲ, ಪಾದ್ರಿಯ ಮಾತೆಂದು ತಳ್ಳಿಹಾಕಲೂ ಬೇಕಾಗಿಲ್ಲ. ಅವನು ಬರೆಯುವಾಗ ರಾಜ್ಯ ಹೋಗಿ 21 ವರ್ಷವಷ್ಟೇ ಆಗಿತ್ತು. ರಾಜನ ಕಾಲ ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು. ಆದರೆ ಹಾಗೆ ಉಳಿದು, ಮಾತಾಡುವ ಸ್ಥಿತಿಯಲ್ಲಿದ್ದವರು ಹೆಚ್ಚಾಗಿ ಹೊಸ ಆಡಳಿತದಲ್ಲಿ ನೆಲೆ ಕಂಡುಕೊಂಡವರು. ಇಳಿದುಹೋದ ರಾಜನನ್ನು ಹೊಗಳಿ ಅವರಿಗೆ ಆಗಬೇಕಾದದ್ದೇನೂ ಇರಲಿಲ್ಲ.

ಕಂಪನಿಗೆ ಈ ಕಥೆ ಯಾಕೆ ಬೇಕಿತ್ತು ಎಂಬುದನ್ನೂ ಬಿಡಿಸಿ ನೋಡಬೇಕು. ನೆರೆಯ ಮೈಸೂರಿನಲ್ಲಿ ನಗರದ ರೈತ ದಂಗೆಯ ನಂತರ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಂಪನಿ ಕಿತ್ತುಕೊಂಡಿತು. ಕೊಟ್ಟ ಕಾರಣ ದುರಾಡಳಿತ. ಮೂರು ವರ್ಷದಲ್ಲಿ ಕೊಡಗಿನಲ್ಲೂ ಅದೇ ಕಾರಣ. ಆಗ ಗವರ್ನರ್ ಜನರಲ್ ಆಗಿದ್ದ ಬೆಂಟಿಂಕನ ಸರ್ಕಾರ ಸ್ನೇಹದ ಒಪ್ಪಂದವಿದ್ದ ರಾಜ್ಯವನ್ನು ನುಂಗಲು ಇಂಗ್ಲೆಂಡಿನಲ್ಲಿದ್ದ ಮೇಲಿನವರಿಗೆ ಸಮರ್ಥನೆ ಕೊಡಬೇಕಿತ್ತು. ರಾಜ ಎಷ್ಟು ಕ್ರೂರಿಯಾದರೆ ಆ ಸಮರ್ಥನೆ ಅಷ್ಟು ಗಟ್ಟಿ. ಹಾಗೆಂದು ಕ್ರೌರ್ಯವೆಲ್ಲ ಕಂಪನಿಯ ಸೃಷ್ಟಿ ಎಂದರೆ ಅದೂ ತಪ್ಪಾಗುತ್ತದೆ. ಸ್ವಂತ ವಂಶದವರನ್ನೇ ಅವನು ಕೊಲ್ಲಿಸಿದ್ದು, ತಂಗಿ ಪ್ರಾಣಭಯದಿಂದ ಗಡಿ ದಾಟಿದ್ದು ಕಥೆಯ ಒಳಗೂ ಹೊರಗೂ ಇವೆ. ಆಕರ ಪಕ್ಷಪಾತಿ ಎಂದಾಕ್ಷಣ ಅದು ಹೇಳಿದ್ದೆಲ್ಲ ಸುಳ್ಳಾಗುವುದಿಲ್ಲ. ಎಷ್ಟು ಹೇಳಿದೆ, ಯಾವುದನ್ನು ಬಿಟ್ಟಿದೆ ಎಂದು ಅಳೆಯುವ ಕೆಲಸ ನಮ್ಮ ಮೇಲೆ ಬೀಳುತ್ತದೆ.

ಇನ್ನು ಜನರ ಬಾಯಿಮಾತು. ಮಡಿಕೇರಿ ಕೋಟೆಯ ಅಂಗಳದಲ್ಲಿ ನಿಜವಾದ ಆನೆಯಷ್ಟೇ ಎತ್ತರದ ಎರಡು ಗಾರೆಯ ಆನೆಗಳು ನಿಂತಿವೆ. ದಿನವೂ ರಾಜನಿಗೆ ವಂದಿಸುತ್ತಿದ್ದ ಎರಡು ಆನೆಗಳು ಒಂದು ದಿನ ತಪ್ಪಿದ್ದಕ್ಕೆ ಅವನು ಸಿಟ್ಟಿನಿಂದ ಕೊಲ್ಲಿಸಿದ, ಆಮೇಲೆ ಪಶ್ಚಾತ್ತಾಪಪಟ್ಟು ಈ ಗೊಂಬೆ ಮಾಡಿಸಿದ ಎಂಬ ಕಥೆಯನ್ನು ಅಲ್ಲಿ ಹೇಳುತ್ತಾರೆ. ಯಾವ ರಾಜ ಎಂಬುದರಲ್ಲಿ ಹೇಳುವವರಿಗೇ ಒಮ್ಮತವಿಲ್ಲ. ವಂಶದ ಒಬ್ಬನ ಮೇಲೆ ಕ್ರೂರಿಯೆಂಬ ಹೆಸರು ಗಟ್ಟಿಯಾಗಿ ಕೂತರೆ ಉಳಿದವರ ಕ್ರೌರ್ಯವೂ ಅವನ ಖಾತೆಗೆ ಜಮೆಯಾಗುವುದು ಹೀಗೆ. ಗಾರೆಯ ಆನೆ ಕಣ್ಣೆದುರಿಗಿದೆ, ಕಥೆ ಮಾತ್ರ ಒಂದು ಹೆಗಲಿಂದ ಇನ್ನೊಂದಕ್ಕೆ ಜಾರುತ್ತದೆ.

ಸರ್ವಾನುಮತವಾಗಿ ಮೂರು ವರ್ಷ

1834ರ ಮೇ 7ರ ಘೋಷಣೆಯಲ್ಲಿ ಒಂದು ಮಾತಿದೆ: ಕೊಡಗಿನ ನಿವಾಸಿಗಳ ಸರ್ವಾನುಮತದ ಇಚ್ಛೆಯಂತೆ ಈ ನಾಡನ್ನು ಕಂಪನಿ ತನ್ನ ರಕ್ಷಣೆಗೆ ತೆಗೆದುಕೊಳ್ಳುತ್ತಿದೆ.

ಮೂರೇ ವರ್ಷ. 1837ರಲ್ಲಿ ಅಮರ ಸುಳ್ಯದ ಕಡೆಯಿಂದ ರೈತರು ಎದ್ದರು. ಕಾರಣ ಹೊಟ್ಟೆಗೆ ಸಂಬಂಧಿಸಿದ್ದು. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಭಾಗಗಳನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದ ಧಾನ್ಯದಲ್ಲೇ ಕಂದಾಯ ಕೊಡುತ್ತಿದ್ದ ರೈತ ಈಗ ನಗದು ಕೊಡಬೇಕಾಯಿತು. ನಗದಿಗಾಗಿ ವ್ಯಾಪಾರಿಯ ಬಾಗಿಲಿಗೆ ಹೋಗಬೇಕು, ಅವನು ಹೇಳಿದ ಬೆಲೆಗೆ ಭತ್ತ ಮಾರಬೇಕು. ಸಿಟ್ಟು ಹಬ್ಬಿದ್ದು ಅಲ್ಲಿಂದ. ಕೆದಂಬಾಡಿ ರಾಮಯ್ಯ ಗೌಡರಂತಹವರು ಮುಂದಾಳುಗಳಾದರು. ದಂಡು ಘಟ್ಟದ ಕೆಳಗಿಳಿದು ಮಂಗಳೂರನ್ನೇ ಹಿಡಿದು, ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿ, ಸುಮಾರು ಎರಡು ವಾರ ಕೈಯಲ್ಲಿಟ್ಟುಕೊಂಡಿತು. ದಂಗೆ ಅಡಗಿದ ಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ನಮ್ಮ ಚರ್ಚೆಗೆ ಬೇಕಾದದ್ದು ಇದು: ದಂಗೆ ಎದ್ದವರು ಕೂಗಿದ್ದು ಹಾಲೇರಿ ಮನೆತನದ ಹೆಸರನ್ನು. ಕಲ್ಯಾಣಸ್ವಾಮಿ ಎಂಬ ರಾಜವಂಶದವನ ಹೆಸರಿಟ್ಟುಕೊಂಡ ಒಬ್ಬನನ್ನು ಅವರು ಮುಂದೆ ನಿಲ್ಲಿಸಿಕೊಂಡರು. ಸರ್ವಾನುಮತದಿಂದ ಬೇಡವಾಗಿದ್ದ ವಂಶ ಮೂರು ವರ್ಷದಲ್ಲಿ ಮತ್ತೆ ಬೇಕಾಯಿತು ಎಂದರೆ, ರಾಜನ ಮೇಲಿನ ದ್ವೇಷ ಘೋಷಣೆ ಹೇಳಿದಷ್ಟು ಸಾರ್ವತ್ರಿಕವಾಗಿರಲಿಲ್ಲ. ಅಥವಾ ಹೊಸ ಧಣಿಯ ಭಾರ ಹಳೆಯ ಧಣಿಯ ನೆನಪನ್ನು ಮೆದುಗೊಳಿಸಿತು. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಕಾದಂಬರಿಯಲ್ಲಿ ಒಟ್ಟಿಗೆ ರಾಜ್ಯದ ಹಿತ ಬಯಸುವ ಮಂತ್ರಿಗಳಿಬ್ಬರು 1837ರಲ್ಲಿ ಎರಡು ದಡದಲ್ಲಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು: ಬೋಪಣ್ಣ ದಂಗೆ ಅಡಗಿಸಲು ಹೊರಟ, ಲಕ್ಷ್ಮೀನಾರಾಯಣ ದಂಗೆಕೋರರ ಜೊತೆ ನಂಟಿದೆ ಎಂಬ ಅನುಮಾನದ ಮೇಲೆ ಬಂಧನಕ್ಕೊಳಗಾದ.

2022ರ ನವೆಂಬರ್‌ನಲ್ಲಿ ರಾಮಯ್ಯ ಗೌಡರ ಪ್ರತಿಮೆ ಅದೇ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡಿತು. 1837ರ ನೆನಪಿಗೆ ಸಾರ್ವಜನಿಕ ಗೌರವ ಸಿಕ್ಕಿದೆ. ಹಾಗಾಗಿ 1834ರ ಕಥೆಯನ್ನು ಓದುವವರ ಕಣ್ಣೂ ಬದಲಾಗುತ್ತದೆ. ಇಂದು ಈ ಕಾದಂಬರಿಯನ್ನು ತೆರೆಯುವ ಸುಳ್ಯದ ಓದುಗ 1956ರ ಓದುಗನಲ್ಲ.

ಮಾಸ್ತಿಯವರು ಕೇಳಿದ ಪ್ರಶ್ನೆ

ಹಾಗಾದರೆ ಮಾಸ್ತಿಯವರು ಕಂಪನಿಯ ಕಥೆಗೆ ಕನ್ನಡದ ಅಂಗಿ ತೊಡಿಸಿದರೇ? ನಾನು ಹಾಗೆ ಹೇಳಲಾರೆ.

ಮೈಸೂರು ಸರ್ಕಾರದ ನೌಕರಿಯಲ್ಲಿ ಮೇಲಿನ ಹುದ್ದೆಗಳವರೆಗೆ ಏರಿದವರು ಮಾಸ್ತಿ. ರಾಜ, ದಿವಾನ, ಅಧಿಕಾರಿ ಎಂಬ ಸಂಬಂಧದ ಒಳಹೊರಗು ಅವರಿಗೆ ಗೊತ್ತಿತ್ತು. ಆಳುವವನು ಧರ್ಮ ಬಿಟ್ಟರೆ ಅವನ ಅನ್ನ ಉಂಡವರು ಏನು ಮಾಡಬೇಕು ಎಂಬ ಪ್ರಶ್ನೆ ಅವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಬೋಪಣ್ಣನ ಸಂಕಟದಲ್ಲಿ ಕಾದಂಬರಿ ಅಷ್ಟು ಹೊತ್ತು ನಿಲ್ಲುವುದು ಅದಕ್ಕೇ. ಇಂಗ್ಲಿಷರನ್ನು ಅವರು ಉದ್ಧಾರಕರನ್ನಾಗಿ ಮಾಡಲಿಲ್ಲ. ಒಳಜಗಳಕ್ಕಾಗಿ ಕಾದು ಕೂತವರಂತೆ, ನಯವಾಗಿ ಮಾತಾಡುತ್ತಲೇ ಬಾಗಿಲೊಳಗೆ ಕಾಲಿಡುವವರಂತೆ ಚಿತ್ರಿಸಿದರು. ಆಕರ ಗೆದ್ದವರದು, ದುಃಖ ಮಾತ್ರ ಸೋತವರದು.

1956ನ್ನೂ ಮರೆಯಬಾರದು. ಆ ವರ್ಷದ ನವೆಂಬರ್ 1ರಂದು ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ವಿಶಾಲ ಮೈಸೂರಿನಲ್ಲಿ ವಿಲೀನವಾಯಿತು. ಸ್ವತಂತ್ರ ಕೊಡಗಿನ ಕೊನೆಯ ದಿನಗಳ ಕಾದಂಬರಿ, ಕೊಡಗು ತನ್ನ ಪ್ರತ್ಯೇಕ ರಾಜ್ಯದ ಸ್ಥಾನ ಬಿಟ್ಟುಕೊಟ್ಟ ವರ್ಷವೇ ಓದುಗರ ಕೈಗೆ ಬಂತು. ಬರೆದವರು ಮೈಸೂರಿನವರು. ಮಡಿಕೇರಿಯ ಓದುಗನೊಬ್ಬ ಇದನ್ನು ಹೊರಗಿನವರ ತೀರ್ಪಿನಂತೆ ಓದಿಕೊಂಡರೆ ಅದಕ್ಕೆ ಅರ್ಥವಿದೆ.

ನನ್ನ ದೂರು ಬೇರೆ ಕಡೆ ಇದೆ. ರಾಜನಿಗೆ ರಾಜ್ಯದ ಬಗ್ಗೆ ಏನಾದರೂ ಒಂದು ಯೋಚನೆ ಇತ್ತೇ, ಕಂಪನಿಯ ಬಗ್ಗೆ ಅವನಿಗಿದ್ದ ಅನುಮಾನ ಬರೀ ಹಟವೇ ಅಥವಾ ಸರಿಯಾದ ಅಂದಾಜೇ ಎಂಬ ಜಾಗದಲ್ಲಿ ಕಾದಂಬರಿ ತೆಳುವಾಗುತ್ತದೆ. ಮೈಸೂರು ಕಣ್ಣೆದುರೇ ಹೋದದ್ದನ್ನು ನೋಡಿದ ನೆರೆಯ ದೊರೆ ಕಂಪನಿಯ ದೂತನನ್ನು ನಂಬದೆ ಹೋದರೆ ಅದನ್ನು ಹುಚ್ಚು ಎನ್ನಲಾಗದು. ಅಲ್ಲಿ ಆಕರಗಳು ಮೌನವಾಗಿದ್ದವು, ಕಾದಂಬರಿಕಾರನ ಕಲ್ಪನೆ ಕೆಲಸ ಮಾಡಬೇಕಿತ್ತು.

ಚಿತ್ರದುರ್ಗದ ಮಾತು ಬೇರೆ

ಹೋಲಿಕೆಗೆ ತರಾಸು ಅವರ ‘ದುರ್ಗಾಸ್ತಮಾನ’ವನ್ನು ನೋಡಬಹುದು. 1779ರಲ್ಲಿ ಹೈದರನ ಕೈಗೆ ಚಿತ್ರದುರ್ಗ ಬಿದ್ದದ್ದರ, ಮದಕರಿ ನಾಯಕನ ಪತನದ ಕಥೆ. ಬರೆದವರು ತಳುಕಿನ ಮನೆತನದವರು, ದುರ್ಗದ ಸೀಮೆಯವರು. ಈ ಪಾಳೆಯಗಾರರ ಬಗ್ಗೆ ಒಂದಲ್ಲ ಹಲವು ಕಾದಂಬರಿ ಬರೆದವರು. ಅಲ್ಲಿಯೂ ರಾಜನಿಗೆ ದೌರ್ಬಲ್ಯಗಳಿವೆ, ಅಲ್ಲಿಯೂ ಒಳಗಿನವರ ದ್ರೋಹವಿದೆ. ಆದರೂ ಮದಕರಿ ನಾಯಕ ಓದುಗನ ಮನಸ್ಸಿನಲ್ಲಿ ವೀರನಾಗಿಯೇ ಉಳಿಯುತ್ತಾನೆ. ಸೋತವರ ಊರಿನವರೇ ಬರೆದಾಗ ಸೋಲಿನ ಬಣ್ಣ ಬೇರೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಓದಿದ ಬಳಗಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬಳಗದಲ್ಲಿ ಮುಗಿಯದ ಜಗಳ ಕೋರ್ಟಿನಲ್ಲಿ

ಈ ಮಾತುಗಳಿಗೆ ಓದುವ ಮನೆಯ ಆಚೆಗೂ ಪರಿಣಾಮವಿದೆ. ಬಸವಣ್ಣನವರ ಕಾಲವನ್ನು ಕುರಿತ ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯಲ್ಲಿ ಅಕ್ಕನಾಗಲಾಂಬಿಕೆಗೆ ಸಂಬಂಧಿಸಿದ ಭಾಗ ಭಕ್ತರ ಮನಸ್ಸನ್ನು ನೋಯಿಸುತ್ತದೆ ಎಂಬ ಆಕ್ಷೇಪ ಬಂದು, ರಾಜ್ಯ ಸರ್ಕಾರ 1997ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ತನಕ ಹೋದರು. 2007ರಲ್ಲಿ ಕೋರ್ಟು ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು. ಹತ್ತು ವರ್ಷ ನಡೆದ ಆ ವಾದದಲ್ಲಿ ಒಂದು ಕಾದಂಬರಿಯ ಗುಣದೋಷ, ಅದರ ಆಕರ, ಅದರ ಊಹೆ ಇವೆಲ್ಲ ಕಾನೂನಿನ ಪರಿಭಾಷೆಗೆ ಇಳಿದವು. ಓದುಗರು ಕೂತು ತೂಗಬೇಕಿದ್ದದ್ದನ್ನು ಸರ್ಕಾರಿ ಅಧಿಸೂಚನೆಯ ಭಾಷೆಯಲ್ಲಿ ತೂಗಲಾಯಿತು. ನನಗೆ ಇದು ತುಂಬ ನೋವಿನ ಸಂಗತಿ.

ಕಾನೂನಿನ ಇನ್ನೊಂದು ಬಾಗಿಲೂ ತೆರೆದಿದೆ. ಸತ್ತವರ ಮೇಲೆ ಆರೋಪ ಹೊರಿಸುವುದೂ ಮಾನನಷ್ಟವಾಗಬಹುದು: ಆತ ಬದುಕಿದ್ದರೆ ಹೆಸರು ಕೆಡುವಂತಿದ್ದು, ಮನೆಯವರ ಅಥವಾ ಹತ್ತಿರದ ಬಂಧುಗಳ ಮನಸ್ಸು ನೋಯಿಸುವ ಉದ್ದೇಶವಿದ್ದರೆ. ಹಳೆಯ ದಂಡಸಂಹಿತೆಯಲ್ಲಿದ್ದ ಈ ವಿವರಣೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲೂ ಉಳಿದಿದೆ. 300 ವರ್ಷ ಹಿಂದಿನವರಿಗೆ ‘ಹತ್ತಿರದ ಬಂಧು’ ಯಾರು ಎಂಬುದು ವಾದದ ವಿಷಯ. ಆದರೆ ದೂರು ಕೊಡಲು ಅಷ್ಟು ಅನುಮಾನ ಸಾಕು. ಪ್ರಕಾಶಕನ ಕೈ ಹಿಂದೆಗೆಯಲೂ ಅಷ್ಟು ಸಾಕು.

ಇದರ ಪರಿಣಾಮ ಎರಡು ಕಡೆಗೆ ಹೋಗಬಹುದು. ಬರೆಯುವವರು ಹೆದರಿ, ಯಾರಿಗೂ ನೋವಾಗದಂತಹ ರಾಜರನ್ನು, ಅಂದರೆ ತಪ್ಪೇ ಮಾಡದ ರಾಜರನ್ನು ಬರೆಯತೊಡಗುತ್ತಾರೆ. ಅಂತಹ ಪುಸ್ತಕಗಳು ಈಗಾಗಲೇ ಹೆಚ್ಚುತ್ತಿವೆ ಎಂಬುದು ನನ್ನ ಭಾವನೆ. ಇನ್ನೊಂದು ಕಡೆ, ಯಾವ ಸಮುದಾಯ ಗಟ್ಟಿಯಾಗಿ ದನಿ ಎತ್ತಬಲ್ಲದೋ ಅದರ ಪೂರ್ವಿಕರೆಲ್ಲ ವೀರರಾಗುತ್ತಾರೆ. ದನಿ ಇಲ್ಲದವರ ಹೆಗಲಿಗೆ ಖಳನ ಪಾತ್ರ ಬೀಳುತ್ತದೆ. 1837ರ ದಂಗೆ ಅಡಗಿದ ಮೇಲೆ ಹಾಲೇರಿ ವಂಶದ ಪರವಾಗಿ ಗಟ್ಟಿಯಾಗಿ ಕೂಗಬಲ್ಲವರು ಮಡಿಕೇರಿಯಲ್ಲಿ ಉಳಿದಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹಾಗಾಗಿ ಬಳಗದಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ಕಾದಂಬರಿಯ ಪಕ್ಕದಲ್ಲಿ ಇನ್ನೊಂದೆರಡು ಕಾಗದ ಇಟ್ಟುಕೊಳ್ಳುವುದು ದೊಡ್ಡ ಕೆಲಸವೇನಲ್ಲ. ಫ್ರೇಸರನ ಘೋಷಣೆ ಕೆಲವೇ ಸಾಲಿನದು. ಮೋಗ್ಲಿಂಗನ ಪುಸ್ತಕ ಸಿಗುತ್ತದೆ. 1837ರ ಬಗ್ಗೆ ಕನ್ನಡದಲ್ಲೇ ಬರಹಗಳಿವೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಹಾಡುಗಳಿವೆ. ಕಾದಂಬರಿಯ ಯಾವ ದೃಶ್ಯಕ್ಕೆ ಆಕರವಿದೆ, ಯಾವುದು ಮಾಸ್ತಿಯವರ ಸ್ವಂತದ್ದು ಎಂದು ಒಂದು ಅಧ್ಯಾಯವನ್ನಾದರೂ ಹಾಗೆ ಬಿಡಿಸಿ ಓದಿದರೆ, ಮೇಲೆ ಹೇಳಿದ ನಾಲ್ಕು ಗುಂಪಿನವರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ.

ಕಂಪನಿಯ ಎರಡು ಮಾತು

ರಾಜ ಮಡಿಕೇರಿ ಬಿಟ್ಟ ಮೇಲೆ ಅವನ ಕಥೆ ಮುಗಿಯಲಿಲ್ಲ. ವೆಲ್ಲೂರಿನ ದಾರಿಯಾಗಿ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಅವನು ಇಂಗ್ಲೆಂಡಿಗೆ ಹೋದ. ಅಲ್ಲಿ ಮಗಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿ ಅವಳಿಗೆ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ರಾಜ ಹೋದ ಕೆಲಸ ಬೇರೆ ಇತ್ತು. ದೊಡ್ಡಪ್ಪ ದೊಡ್ಡ ವೀರರಾಜೇಂದ್ರ ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣ ತನಗೆ ಸೇರಬೇಕು ಎಂದು ಅವನು ಲಂಡನ್ನಿನ ನ್ಯಾಯಾಲಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆಯೇ ದಾವೆ ಹೂಡಿದ. ಮದ್ಯ ಮತ್ತು ಹೆಣ್ಣಿನ ಆಚೆಗೆ ಏನೂ ತಿಳಿಯದವನೆಂದು ಹೆಸರಾದವನು ಸಾವಿರಾರು ಮೈಲಿ ದಾಟಿ, ಗೆದ್ದವರ ರಾಜಧಾನಿಯಲ್ಲಿ, ಗೆದ್ದವರ ಕಾನೂನನ್ನೇ ಹಿಡಿದು ಲೆಕ್ಕ ಕೇಳಿದ. 1859ರಲ್ಲಿ ಅವನು ಅಲ್ಲಿಯೇ ತೀರಿಕೊಂಡ.

ತೀರ್ಪು ಬಂದದ್ದು 1860ರಲ್ಲಿ. ಕಂಪನಿ ಸಾರ್ವಭೌಮ ಅಧಿಕಾರದಿಂದ ಯುದ್ಧ ಮಾಡಿ ವಶಪಡಿಸಿಕೊಂಡ ಆಸ್ತಿ ಇದು, ನ್ಯಾಯಾಲಯ ಇದರಲ್ಲಿ ಕೈ ಹಾಕಲಾರದು ಎಂದಾಯಿತು. ಮಡಿಕೇರಿಯ ಜನರಿಗೆ ‘ನಿಮ್ಮ ಸರ್ವಾನುಮತದಿಂದ ಬಂದೆವು’ ಎಂದಿದ್ದ ಕಂಪನಿ, ಲಂಡನ್ನಿನಲ್ಲಿ ಯುದ್ಧದಿಂದ ಗೆದ್ದದ್ದು ಎಂಬ ವಾದದ ಮೇಲೆ ಹಣ ಉಳಿಸಿಕೊಂಡಿತು.